ಹದಿನೇಳನೇ ನಂಬರಿನ ಜಾಕೆಟ್

ಅಕ್ಟೋಬರ್ ಹತ್ತೊಂಬತ್ತು, ಭಾನುವಾರ, ರಾತ್ರಿ ಎಂಟು ಗಂಟೆ ಹತ್ತು ನಿಮಿಷ. ದೀಪಾವಳಿಗೆ ಇನ್ನೊಂದೇ ದಿನ. ಡೊಂಬಿವಲಿ ಪಶ್ಚಿಮದಲ್ಲಿ, ಸಮುದ್ರದ ಉಬ್ಬರ ಒಳನುಗ್ಗುವ ಖಾಡಿಯ ಬದಿಯ ಪೊಲೀಸ್ ಸ್ಟೇಷನ್ನಿನಲ್ಲಿ ಹವಾಲ್ದಾರ್ ಸೈದಪ್ಪ ಮಾರುಕಟ್ಟೆ ಬಂದೋಬಸ್ತಿನ ಪಟ್ಟಿ ಬರೆಯುತ್ತ ಕೂತಿದ್ದ. ಐವತ್ತೆರಡರ ಸೈದಪ್ಪ ಅಕ್ಕಲಕೋಟೆ ತಾಲೂಕಿನವನು. ಊರು ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಮೂವತ್ತು ವರ್ಷ ಪೊಲೀಸ್ ನೌಕರಿ ಮಾಡಿದರೂ ಬರೆಯುವ ರೀತಿ ಮಾತ್ರ ಹೊಲ ಉಳುವವನದು. ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಹೋಗುವವನಲ್ಲ.

ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಮುಂದಿದ್ದವನು ನಲವತ್ತರ ಆಸುಪಾಸಿನವನು, ಕೈಯಲ್ಲಿ ಮೊಬೈಲು ಹಿಡಿದು ಅದರಲ್ಲಿದ್ದ ಹೆಂಗಸಿನ ಫೋಟೋವನ್ನು ಆಗಲೇ ತೋರಿಸುತ್ತಿದ್ದ. ಹೆಸರು ವಸಂತ್, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಫೋಟೋದಲ್ಲಿದ್ದವಳು ಹೆಂಡತಿ ಯಾಮಿನಿ. ಹಿಂದಿದ್ದವನು ಅವರ ಕನ್ನಡ ಬಳಗದ ಕಾರ್ಯದರ್ಶಿ ಶ್ರೀಕಂಠ.

ಇಬ್ಬರೂ ಹಿಂದಿಯಲ್ಲಿ ಶುರುಮಾಡಿದರು. ಸೈದಪ್ಪ ಕೈ ಎತ್ತಿ ತಡೆದ.

"ಕನ್ನಡದಾಗ ಹೇಳ್ರಿ. ಲಗೂ ಆಗತೈತಿ."

ವಿಷಯ ಹೀಗಿತ್ತು. ಮೋಟಾಗಾಂವ್ ಜೆಟ್ಟಿಯಿಂದ ಉಲ್ಲಾಸ ನದಿಯಲ್ಲಿ ಸಂಜೆ ಹೊತ್ತು 'ಜಲಪರಿ' ಎಂಬ ಎರಡಂತಸ್ತಿನ ಬೋಟು ಜನರನ್ನು ವಿಹಾರಕ್ಕೆ ಕರೆದೊಯ್ಯುತ್ತದೆ. ದುರ್ಗಾಡಿ ಕೋಟೆಯವರೆಗೆ ಹೋಗಿ ಸೂರ್ಯಾಸ್ತ ತೋರಿಸಿ ವಾಪಸು. ಶುಕ್ರವಾರ ತುಲಾ ಸಂಕ್ರಮಣವಾಗಿತ್ತು. ಬಳಗದ ಮೈಸೂರು ಕಡೆಯ ಹೆಂಗಸರಿಗೆ ಆ ದಿನ ಕಾವೇರಿಗೆ ಬಾಗಿನ ಬಿಡುವ ಆಸೆ, ಆದರೆ ರಜೆ ಸಿಕ್ಕಿದ್ದು ಭಾನುವಾರ.

"ನಾನೇ ಹೇಳ್ದೆ ಸಾರ್, ಕಾವೇರಿ ಇಲ್ದಿದ್ರೆ ಉಲ್ಲಾಸ ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ ಅಂತ," ಎಂದ ಶ್ರೀಕಂಠ. "ಬೋಟೇ ಬುಕ್ ಮಾಡಿದ್ವಿ. ಒಟ್ಟು ನಲವತ್ತೊಂದು ಜನ. ಐದೂ ಮುಕ್ಕಾಲಿಗೆ ಹೊರಟು ಏಳೂ ಹನ್ನೆರಡಕ್ಕೆ ವಾಪಸ್."

"ಇವರೂ ಇದ್ರೇನು?"

"ನಾನಿರಲಿಲ್ಲ, ಡ್ಯೂಟಿ ಇತ್ತು," ಎಂದ ವಸಂತ್. "ಯಾಮಿನಿ, ಮಗಳು ಅಪೇಕ್ಷಾ, ನನ್ನ ಅಕ್ಕ ಮುಕ್ತಾ, ಮೂರು ಜನ ಹೋಗಿದ್ದು. ಅಕ್ಕ ಮಗುವನ್ನು ಕರ್ಕೊಂಡು ಮನೆಗೆ ಬಂದ್ರು. ಯಾಮಿನಿ ಆಕಾಶಬುಟ್ಟಿ ತರ್ತೇನೆ ಅಂತ ಜೆಟ್ಟಿಯಿಂದಲೇ ಮಾರ್ಕೆಟ್‌ಗೆ ಹೋದ್ಲಂತೆ. ಫೋನ್ ಬಂದ್."

"ಇಳದದ್ದು ಖರೇನಾ?"

"ಜಾಕೆಟ್ ಲೆಕ್ಕ ಸರಿ ಇದೆ ಸಾರ್," ಎಂದ ಶ್ರೀಕಂಠ. "ಹತ್ತುವಾಗ ನಲವತ್ತೊಂದು ಲೈಫ್ ಜಾಕೆಟ್ ಕೊಟ್ಟರು, ಇಳಿಯುವಾಗ ನಲವತ್ತೊಂದು ವಾಪಸ್ ಬಂತು. ಎಲ್ಲರೂ ಇಳಿದಿದ್ದಾರೆ."

ಸೈದಪ್ಪ ಕಾಣೆಯಾದವರ ದೂರನ್ನು ದಾಖಲಿಸಿಕೊಂಡ. ಉಡುಪಿನ ಕಾಲಮಿನಲ್ಲಿ 'ಹಸಿರು ಸೀರೆ, ಕೆಂಪು ಅಂಚು' ಎಂದು ಬರೆದ. ಜಾಕೆಟ್ ಲೆಕ್ಕ ಸರಿ ಇದ್ದುದರಿಂದ ಆ ರಾತ್ರಿಯ ಹುಡುಕಾಟವೆಲ್ಲ ನೆಲದ ಮೇಲೆ ನಡೆಯಿತು. ಮಾರುಕಟ್ಟೆ, ರಿಕ್ಷಾ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನ ಕ್ಯಾಮೆರಾಗಳು. ಜೆಟ್ಟಿಯ ಕ್ಯಾಮೆರಾ ಗಣೇಶೋತ್ಸವದಿಂದ ಕೆಟ್ಟುಹೋಗಿತ್ತು. ನೀರಿನ ಕಡೆ ಯಾರೂ ಟಾರ್ಚ್ ಬಿಡಲಿಲ್ಲ.

*

ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಮೀನುಗಾರರಿಂದ ಫೋನ್ ಬಂತು. ಜೆಟ್ಟಿಗಿಂತ ಕೆಳಗೆ, ರೈಲು ಸೇತುವೆಯ ಹತ್ತಿರ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನಲ್ಲಿ ಹೆಣವೊಂದು ಸಿಕ್ಕಿಕೊಂಡಿತ್ತು. ನರಕ ಚತುರ್ದಶಿಯ ಪಟಾಕಿ ಊರೆಲ್ಲ ಸಿಡಿಯುತ್ತಿತ್ತು.

ಇನ್‌ಸ್ಪೆಕ್ಟರ್ ಸುಮೇಧಾ ಘರತ್ ಮೊಣಕಾಲಿನವರೆಗೆ ಕೆಸರಲ್ಲಿ ಇಳಿದಳು. ಇದೇ ಖಾಡಿಯ ಬದಿಯ ಆಗ್ರಿ ಸಮುದಾಯದವಳು, ಕೆಸರು ಹೊಸದಲ್ಲ. ಅವಳ ಜೊತೆ ಸೈದಪ್ಪನ ಮಾತುಕತೆ ಯಾವಾಗಲೂ ಮರಾಠಿಯಲ್ಲಿ.

"ನಿಮ್ಮ ಕಾನಡಿ ಜನರ ಕೇಸು ಸೈದಪ್ಪಾ," ಎಂದಳು. "ಪಂಚನಾಮೆ ನೀವೇ ಬರೀರಿ. ಒಂದು ಅಕ್ಷರ ಬಿಡಬೇಡಿ."

ಸೈದಪ್ಪ ಬರೆದ. ಇಬ್ಬರು ಪಂಚರು ನಿಂತು ನೋಡಿದರು. ಹಸಿರು ಸೀರೆ, ಕೆಂಪು ಅಂಚು. ಲೈಫ್ ಜಾಕೆಟ್ ಇಲ್ಲ. ಎರಡೂ ಕೈಯಲ್ಲಿ ಗಾಜಿನ ಬಳೆ, ಬಲಗೈಯವು ಒಡೆದಿವೆ. ಮೈಮೇಲೆ ಬೇರಿನ ತರಚುಗಾಯ ಬಿಟ್ಟರೆ ಬೇರೆ ಪೆಟ್ಟಿಲ್ಲ. ಸೆರಗು ಹೆಗಲಿಂದ ಕಳಚಿ ನೀರಲ್ಲಿ ತೇಲುತ್ತಿದೆ. ತಾಳಿ ಸರಕ್ಕೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿದೆ, ಪಿನ್ನಿನ ಬಾಯಿ ಮುಚ್ಚಿದೆ.

ಆ ಕೊನೆಯ ಸಾಲು ಬರೆದು ಸೈದಪ್ಪ ಒಂದು ಗಳಿಗೆ ಪೆನ್ನು ಎತ್ತಲಿಲ್ಲ.

"ಏನು?" ಎಂದಳು ಸುಮೇಧಾ.

"ಏನಿಲ್ಲ ಮ್ಯಾಡಮ್. ಕಂಡದ್ದು ಬರೆದೆ."

ಆಕಸ್ಮಿಕ ಸಾವು ಎಂದು ದಾಖಲಾಯಿತು. ಹೆಣ ಕಲ್ಯಾಣದ ಸರ್ಕಾರಿ ಆಸ್ಪತ್ರೆಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ವರದಿ ಬಂತು: ನೀರಲ್ಲಿ ಮುಳುಗಿ ಉಸಿರು ಕಟ್ಟಿ ಸಾವು. ಫೋನ್ ಕಂಪನಿಯವರು ಇನ್ನೊಂದು ಸಂಗತಿ ತಿಳಿಸಿದರು. ಯಾಮಿನಿಯ ಮೊಬೈಲು ಸತ್ತದ್ದು ಭಾನುವಾರ ಸಂಜೆ ಆರು ಐವತ್ತೆರಡಕ್ಕೆ.

"ಬೋಟು ಇನ್ನೂ ನೀರಲ್ಲಿತ್ತು," ಎಂದಳು ಸುಮೇಧಾ. "ಆದರೆ ಚಾರ್ಜ್ ಮುಗಿದರೂ ಫೋನ್ ಸಾಯುತ್ತೆ. ಜಾಕೆಟ್ ಜೆಟ್ಟಿಗೆ ಬಂದಿದೆ ಅಂದ ಮೇಲೆ ಆಕೆಯೂ ಬಂದಿರಬೇಕು. ಜೆಟ್ಟಿಯ ಪಕ್ಕದಲ್ಲೇ ಹೊಸ ಬ್ರಿಜ್. ಈ ವರ್ಷ ಅಲ್ಲಿಂದ ಎಷ್ಟು ಜನ ಹಾರಿದ್ದಾರೆ, ನಿಮಗೇ ಗೊತ್ತಲ್ಲ."

ಆ ಮಾತು ಅವಳಿಗಿಂತ ಮುಂಚೆ ಊರಿಗೆ ಗೊತ್ತಾಗಿತ್ತು. ಆಸ್ಪತ್ರೆಯ ಹೊರಗೆ ಬಳಗದ ನಾಲ್ಕು ಹೆಂಗಸರು ದನಿ ತಗ್ಗಿಸಿ ಅದನ್ನೇ ಆಡುತ್ತಿದ್ದರು. ಬಾಗಿನ ಬಿಡುವಾಗ ಅವಳ ಕಣ್ಣಲ್ಲಿ ನೀರಿತ್ತಂತೆ. ಗಂಡ ಹೆಂಡತಿಗೆ ಮನೆ ಬದಲಿಸುವ ವಿಷಯದಲ್ಲಿ ಮಾತಿಗೆ ಮಾತಾಗಿತ್ತಂತೆ. ಬ್ರಿಜ್ ಮೇಲಿಂದ ಹಾರಿಕೊಂಡಳಂತೆ. ಇನ್ನು ಕೆಲವರು ಜೆಟ್ಟಿಗೆ ಹೋಗಿ ಬೋಟಿನ ಯಜಮಾನ ಹಿರಾಜಿ ಕೋಳಿಯ ಅಂಗಿ ಹಿಡಿದಿದ್ದರು. ಅವನನ್ನು ಬಿಡಿಸಿ ತಂದು ಸ್ಟೇಷನ್ನಿನಲ್ಲಿ ಕೂರಿಸಬೇಕಾಯಿತು. ಅವನು ಒಂದೇ ಮಾತು ಹೇಳುತ್ತಿದ್ದ: ನಲವತ್ತೊಂದಕ್ಕೆ ನಲವತ್ತೊಂದು ಸಾಹೇಬ, ಪುಸ್ತಕ ನೋಡಿ. ಸುಮೇಧಾ ಪುಸ್ತಕದ ಕೆಳಗಿನ ಮೊತ್ತ ನೋಡಿದಳು. ಸರಿ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಯಾಮಿನಿಯ ತಾಯಿ ಪುಟ್ಟಮ್ಮ ಕೂತಿದ್ದಳು. ಶ್ರೀರಂಗಪಟ್ಟಣದ ಕಡೆಯವಳು, ಮಂಡಿನೋವಿನ ಔಷಧಕ್ಕೆಂದು ಬಂದು ವರ್ಷದಿಂದ ಮಗಳ ಮನೆಯಲ್ಲೇ ಇದ್ದವಳು. ಸೈದಪ್ಪ ಎದುರಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತ.

"ನೀನು ಕನ್ನಡದೋನಂತೆ."

"ಹೌದವ್ವಾ."

"ಆ ಹೆಂಗಸ್ರು ಆಡ್ತಿರೋದು ನನ್ ಕಿವಿಗೆ ಬಿತ್ತು. ಬಾಯ್ ಮುಚ್ಸಕ್ಕೆ ಆಗಲ್ಲ, ಬುಡು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಒಂದು ವರ್ಷ ಅವ್ಳ ಮಗ್ಗುಲಲ್ಲೇ ಮಲಗಿದ್ದೀನಿ ಕಣಪ್ಪ. ಅವ್ಳು ತಾನಾಗಿ ಹೋದ್ಳು ಅಂದ್ರೆ, ಮಗ್ಗುಲಲ್ಲಿದ್ದ ನಾನು ಏನು ನೋಡ್ತಿದ್ದೆ? ಯಾರನ್ನ ಹಿಡಿತೀಯೋ ಬುಡ್ತೀಯೋ ನಂಗೆ ಬೇಡ. ತಾನಾಗಿ ಹೋದ್ಳಾ ಇಲ್ವಾ, ಅದೊಂದು ಹೇಳ್ಬುಡು."

"ಹೇಳತೀನವ್ವಾ," ಎಂದುಬಿಟ್ಟ ಸೈದಪ್ಪ. ತನಿಖೆಯಲ್ಲಿ ಯಾರಿಗೂ ಮಾತು ಕೊಡಬಾರದೆಂದು ಹೊಸ ಕಾನ್‌ಸ್ಟೇಬಲ್‌ಗಳಿಗೆ ಪಾಠ ಹೇಳುವವನು ಅವನೇ.

*

ಸೋಮವಾರ ಮಧ್ಯಾಹ್ನವೆಲ್ಲ ಹೇಳಿಕೆ ಬರೆದುಕೊಳ್ಳುವ ಕೆಲಸ. ಬಾಗಿನ ಬಿಟ್ಟ ಹತ್ತು ಹೆಂಗಸರನ್ನು ಸೈದಪ್ಪ ಒಬ್ಬೊಬ್ಬರಾಗಿ ಕೇಳಿದ. ಎಲ್ಲರ ಮಾತೂ ಒಂದೇ. ಲೈಫ್ ಜಾಕೆಟ್ ಹಾಕಿಕೊಂಡರೆ ಸೆರಗು ಒಳಗೆ ಸಿಕ್ಕಿಬೀಳುತ್ತದೆ. ಸೆರಗು ಹೊದಿಸದೆ ಮೊರ ಕೊಡುವಂತಿಲ್ಲ. ಹಾಗಾಗಿ ಹಿರಾಜಿ ಬೇಡ ಬೇಡವೆಂದರೂ ಒಬ್ಬೊಬ್ಬರೇ ಹಿಂಭಾಗಕ್ಕೆ ಹೋಗಿ, ಜಾಕೆಟ್ ಕಳಚಿ ಪಕ್ಕದವಳ ಕೈಗೆ ಕೊಟ್ಟು, ಹೆಗಲ ಪಿನ್ನು ತೆಗೆದು, ಮೊರದ ಮೇಲೆ ಸೆರಗು ಎಳೆದು, ಬಾಗಿ ನೀರಿಗೆ ಬಿಟ್ಟಿದ್ದರು. ಇದೆಲ್ಲ ಆರು ಹತ್ತಕ್ಕೆ, ದುರ್ಗಾಡಿಯ ಎದುರು. ಆಮೇಲೆ ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಿ ಹಾಡು, ಕೋಲಾಟ.

"ಪಿನ್ನು ಎಲ್ಲಿ ಇಡ್ತೀರಿ ಅಂತೇನು ಸಾರ್ ಕೇಳೋದು!" ಎಂದು ಶ್ರೀಕಂಠನ ಹೆಂಡತಿ ಆ ದುಃಖದಲ್ಲೂ ಬೆರಗಾದಳು. "ತಾಳಿ ಸರಕ್ಕೆ ಸಿಕ್ಕಿಸ್ಕೋತೀವಿ. ಇನ್ನೆಲ್ಲಿ ಇಡೋಕಾಗುತ್ತೆ? ಕೈಯಲ್ಲಿ ಮೊರ ಇರುತ್ತಲ್ಲ."

ಸಂಜೆ ಹೆಣ ಸುಟ್ಟು ಬಂದ ಮೇಲೆ ವಸಂತನ ಮನೆಯಲ್ಲಿ ಮುಕ್ತಾಳ ಹೇಳಿಕೆ. ನಲವತ್ತೇಳರ ಹೆಂಗಸು, ಹದಿನೈದು ವರ್ಷದ ಹಿಂದೆ ಗಂಡ ತೀರಿಹೋದವಳು. ಉಡುಪಿಯ ಕಡೆಯವರು, ಒಬ್ಬ ತಮ್ಮನದು ಕಲ್ಯಾಣದಲ್ಲಿ ಸಸ್ಯಾಹಾರಿ ಹೋಟೆಲು, ಇನ್ನೊಬ್ಬ ಈ ವಸಂತ್. ಅಪೇಕ್ಷಾ ಹುಟ್ಟಿದ ಮೂರನೇ ತಿಂಗಳಿಗೆ ಯಾಮಿನಿ ಕೆಲಸಕ್ಕೆ ಮರಳಿದಾಗ ಮಗುವನ್ನು ನೋಡಿಕೊಳ್ಳಲು ಬಂದು ಏಳು ವರ್ಷ. ಸೈದಪ್ಪನಿಗೆ ಅವಳೇ ಚಹಾ ತಂದಿಟ್ಟಳು. ಕಪ್ಪಿನ ಅಡಿಗೆ ಸಾಸರ್ ಇಟ್ಟು, ಅದರ ಮೇಲೆ ಚೆಲ್ಲಿದ ಹನಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ಬರುವಾಗ ನಾನು ಕೆಳಗೆ ಬೋಟಿನ ಮುಂದಿನ ಸೀಟಲ್ಲಿ ಕೂತಿದ್ದೆ. ಮಗು ಅಪ್ಪಿ ನನ್ನ ತೊಡೆ ಮೇಲೆ ನಿದ್ರೆ ಮಾಡಿತ್ತು. ಮೇಲೆ ಅವರದ್ದೆಲ್ಲ ಡಾನ್ಸು. ಜೆಟ್ಟಿ ಬಂತು, ಅವಳು ಮುಂದೆ ಇಳಿದು ಹೋದ್ಲು. ಆಕಾಶಬುಟ್ಟಿ ತರುದುಂಟು ಅಂದ್ಲು. ಇಷ್ಟೇ ನನಗೆ ಗೊತ್ತಿರುದು."

"ಮನ್ಯಾಗ ಏನಾದ್ರೂ?"

"ಎಂತದೂ ಇಲ್ಲ ಮಾರಾಯ್ರೆ. ಒಳ್ಳೆ ಹುಡುಗಿ ಅವಳು."

ಒಳಗಿನ ಕೋಣೆಯಿಂದ ಮಗುವಿನ ದನಿ ಬಂತು: "ಮಾಯೀ, ಮೇರಾ ರಿಬ್ಬನ್ ಕಿಧರ್ ಹೈ?" ಅತ್ತೆಯನ್ನು ಮಗು 'ಮಾಯಿ' ಎಂದೇ ಕರೆಯುತ್ತಿತ್ತು. ಮುಕ್ತಾ ಮಾತು ಅಲ್ಲಿಗೇ ಬಿಟ್ಟು ಎದ್ದು ಹೋದಳು.

ಉಳಿದ ಹೆಂಗಸರಿಗೆಲ್ಲ ಕೇಳಿದ ಒಂದು ಪ್ರಶ್ನೆಯನ್ನು ಸೈದಪ್ಪ ಅವಳಿಗೆ ಕೇಳಲಿಲ್ಲ. ನೀವು ಬಾಗಿನ ಯಾವಾಗ ಬಿಟ್ಟಿರಿ, ಜೊತೆಗೆ ಯಾರಿದ್ದರು ಎಂದು ಗಂಡ ಸತ್ತವಳನ್ನು ಕೇಳುವುದು ಅವನ ಊರಿನ ರೀತಿಯಲ್ಲ. ಕೇಳದೆಯೇ ತನ್ನ ಅಕ್ಷರದಲ್ಲಿ ಬರೆದುಕೊಂಡ: 'ವಿಧವೆ. ಬಾಗಿನದಲ್ಲಿ ಭಾಗವಹಿಸಿಲ್ಲ.'

*

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಳಗದವರ ಮೊಬೈಲಿನ ಫೋಟೋಗಳೆಲ್ಲ ಸುಮೇಧಾಳ ಕಂಪ್ಯೂಟರಿಗೆ ಬಂದವು. ಆರು ಹದಿನಾಲ್ಕರ ಫೋಟೋದಲ್ಲಿ ಯಾಮಿನಿ ಬೋಟಿನ ಹಿಂಭಾಗದಲ್ಲಿ ಬಾಗಿ ಮೊರ ಬಿಡುತ್ತಿದ್ದಾಳೆ. ಸೆರಗು ಮೊರದ ಮೇಲಿದೆ, ಪಿನ್ನು ತಾಳಿ ಸರದಲ್ಲಿ ಮಿಂಚುತ್ತಿದೆ. ಆರು ಮೂವತ್ತೊಂದರ ಗುಂಪಿನ ಫೋಟೋದಲ್ಲಿ ಜಾಕೆಟ್ ಹಾಕಿಕೊಂಡು ನಗುತ್ತಿದ್ದಾಳೆ. ಜಾಕೆಟ್ಟಿನ ಮೇಲೆ ಹದಿನೇಳು ಎಂಬ ನಂಬರು. ಜಾಕೆಟ್ಟಿನ ಸಂದಿಯಲ್ಲಿ ಹೆಗಲು ಕಾಣುತ್ತದೆ, ಪಿನ್ನು ಹೆಗಲಿಗೆ ಮರಳಿದೆ.

ಸೈದಪ್ಪ ಪಂಚನಾಮೆಯ ಸಾಲನ್ನು ಬೆರಳಿಟ್ಟು ತೋರಿಸಿದ. "ಹೆಣದ ಮೇಲೆ ಪಿನ್ನು ತಾಳಿ ಸರದಲ್ಲಿತ್ತು ಮ್ಯಾಡಮ್. ಬಾಯಿ ಮುಚ್ಚಿ ಸಿಕ್ಕಿಸಿದ್ದು."

ಸುಮೇಧಾ ತನ್ನ ಹೆಗಲಿನ ಸ್ಟಾರ್ ಮೇಲೆ ಕೈಯಿಟ್ಟು ಯೋಚಿಸಿದಳು. "ಅಂದರೆ ಮತ್ತೆ ತೆಗೆದಳು. ಸಾಯೋಕೆ ಹೊರಟವಳು ಪಿನ್ನು ಕಳೆದುಹೋಗುತ್ತೆ ಅಂತ ಜೋಪಾನ ಮಾಡೋದಿಲ್ಲ."

"ಇನ್ನೊಂದು ಬಾಗಿನ ಬಿಡೋಕೆ ತೆಗೆದಿರಬೇಕು."

"ಎಷ್ಟು ಮೊರ ತಂದಿದ್ದಳು?"

ಅದನ್ನು ಯಾರೂ ಕೇಳಿರಲಿಲ್ಲ. ಮೊರ ಕಟ್ಟಿಕೊಟ್ಟವರನ್ನೇ ಕೇಳಬೇಕು.

ಪುಟ್ಟಮ್ಮ ಕೆಳಗಿನ ಮಹಡಿಯ ನೆರೆಯವರ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೇಲಿನ ಮನೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಇಳಿದು ಬಂದಿದ್ದಳಂತೆ.

"ಅವ್ವಾ, ಭಾನುವಾರದ ಬಾಗಿನ ಕಟ್ಟಿದಾಕಿ ನೀನಾ?"

"ನಾನೇ ಕಣಪ್ಪ. ಮೊರ ಸಿಗದೆ ಕಲ್ಯಾಣಕ್ಕೆ ಹೋಗಿ ತಂದಿದ್ಲು ಪಾಪ."

"ಎಷ್ಟು ಕಟ್ಟಿದಿ?"

"ಎರಡು."

ಸೈದಪ್ಪ ಪೆನ್ನು ತೆಗೆಯಲಿಲ್ಲ. ತೆಗೆದರೆ ಮುದುಕಿಯ ಮಾತು ನಿಂತೀತು ಎಂದು ಹೆದರಿದ.

"ಒಂದು ಅವಳದ್ದು. ಇನ್ನೊಂದು?"

"ಅದನ್ನೇ ನಾನೂ ಕೇಳ್ದೆ. ಅಮ್ಮ, ಇನ್ನೊಂದು ಕಟ್ಟು, ಅದಕ್ಕೆ ಅರಿಶಿನ ಕುಂಕುಮ ಬೇಡ, ಬಳೆ ಬೇಡ, ಅಕ್ಕಿ ಬೇಳೆ ಬೆಲ್ಲ ಕಾಯಿ ಇಟ್ಟು ಕಟ್ಟು ಸಾಕು ಅಂದ್ಲು. ನಾನು ಬೈದೆ. ಕುಂಕುಮ ಇಲ್ದೆ ಯಾವ ಸೀಮೆ ಬಾಗಿನ್ವೇ ಅದು, ಯಾರು ಬುಡ್ತಾರೆ ಅದನ್ನ ಅಂದೆ. ನಗಾಡಿದ್ಲು. 'ನೀರಿಗೆ ಯಾರು ಕೊಟ್ರೂ ಒಂದೇ ಕಣಮ್ಮ' ಅಂದ್ಲು. ನಾನೂ ಬುಟ್ಟೆ. ಬರೀ ಬಿಳಿ ದಾರ ಸುತ್ತಿ ಕಟ್ಕೊಟ್ಟೆ."

ಸೈದಪ್ಪ ತನ್ನ ಡೈರಿಯ ಹಿಂದಿನ ಪುಟ ತೆರೆದ. 'ವಿಧವೆ. ಬಾಗಿನದಲ್ಲಿ ಭಾಗವಹಿಸಿಲ್ಲ.' ಅವನದೇ ಅಕ್ಷರ, ದುಂಡಗೆ, ಸಾಲು ಸೊಟ್ಟವಾಗದೆ. ಯಾರೂ ಹೇಳಿದ್ದಲ್ಲ.

ಹೊರಗೆ ಬಂದು ಸುಮೇಧಾಳಿಗೆ ಫೋನ್ ಮಾಡಿ ಎರಡನೇ ಬಾಗಿನದ ವಿಷಯ ಹೇಳಿದ.

"ವಸಂತನ ಅಕ್ಕ ಮಗುವಿನ ಜೊತೆ ಇದ್ದೆ ಅಂದಿದ್ದಾಳೆ," ಎಂದಳು ಅವಳು. "ಮಗುವನ್ನು ಕೇಳೋಣವೇ?"

"ಬೇಡ ಮ್ಯಾಡಮ್." ಅಷ್ಟು ಖಡಾಖಂಡಿತವಾಗಿ ಅವನು ಮೇಲಧಿಕಾರಿಗೆ ಹೇಳಿದ್ದು ಅದೇ ಮೊದಲು. "ಮೊದಲು ಜಾಕೆಟ್ ಪುಸ್ತಕ ಇನ್ನೊಮ್ಮೆ ನೋಡೋಣ. ಮೊತ್ತ ಅಲ್ಲ. ಒಳಗಿನ ಸಾಲು."

*

ಜಾಕೆಟ್ ವಾಪಸು ತೆಗೆದುಕೊಳ್ಳುವವಳು ಹಿರಾಜಿಯ ಅತ್ತೆ, ಬಾಗಿ ಎಂಬ ಹೆಸರಿನವಳು. ಅರವತ್ತು ದಾಟಿದ, ಮೀನುಗಾರ ಕೋಳಿ ಸಮುದಾಯದ ಹೆಂಗಸು. ಹಬ್ಬಕ್ಕೆಂದು ದಿವಾದ ಮಗಳ ಮನೆಗೆ ಹೋಗಿದ್ದವಳು ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಜೆಟ್ಟಿಗೆ ಬಂದಳು. ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಲೆಕ್ಕ ಸರಿ ಇದ್ದುದರಿಂದ ಕೇಳುವ ಅಗತ್ಯ ಕಂಡಿರಲಿಲ್ಲ.

ಪುಸ್ತಕದ ಎಡಪುಟ ಹಿರಾಜಿಯದು: ಹತ್ತುವಾಗ ಯಾರಿಗೆ ಯಾವ ನಂಬರು. ಹದಿನೇಳು ಯಾಮಿನಿ. ಹದಿನೆಂಟು ಮುಕ್ತಾ. ಮಕ್ಕಳ ಜಾಕೆಟ್ಟು ಮೂರು, ಅಪೇಕ್ಷಾ. ಬಲಪುಟ ಬಾಗಿಯದು. ಅವಳಿಗೆ ಓದು ಬಾರದು, ಅಂಕೆ ಮಾತ್ರ ಬರುತ್ತದೆ.

"ಹೇಗೆ ಬರೀತೀ ಆಜೀ?" ಎಂದು ಸುಮೇಧಾ ಕೇಳಿದಳು.

"ಕೈಗೆ ಬಂದ ಹಾಗೆ. ಒಂದು ಜಾಕೆಟ್ ಬಂತು, ಒಂದು ಅಂಕೆ. ಹಿರಾಜಿಯ ಹಾಗೆ ಆಮೇಲೆ ಕೂತು ಕೂಡಿಸುವವಳಲ್ಲ ನಾನು."

ಸೈದಪ್ಪ ಬೆರಳಿಟ್ಟು ಕೆಳಗಿಳಿದ. ಮೂವತ್ತು, ಒಂಬತ್ತು, ಇಪ್ಪತ್ತೆರಡು. ಆಮೇಲೆ ಹದಿನೆಂಟು. ಹದಿನೇಳು. ಚಿಕ್ಕದು ಮೂರು.

ಹದಿನೇಳು, ಮುಕ್ತಾಳ ಜಾಕೆಟ್ಟಿಗೂ ಮಗುವಿನ ಜಾಕೆಟ್ಟಿಗೂ ನಡುವೆ ಇತ್ತು.

"ಈ ಮೂರು ಯಾರು ಕೊಟ್ಟರು, ನೆನಪಿದೆಯೇ?"

"ಇಲ್ಲದೆ ಏನು? ಒಂದೇ ಹೆಂಗಸು ಕೊಟ್ಟಳು. ಮಗು ಹೆಗಲ ಮೇಲೆ ಮಲಗಿತ್ತು, ತೋಳಲ್ಲಿ ಮೂರು ಜಾಕೆಟ್. ನೋಡಿ ನನಗೇ ಪಾಪ ಅನಿಸಿತು. ಅಗ ಬಾಯೀ, ಎಲ್ಲ ಭಾರ ನೀನೇ ಹೊತ್ತಿದ್ದೀ, ಈ ಮಗುವಿನ ಆಯಿ ಎಲ್ಲಿ ಹೋದಳು ಅಂತ ಕೇಳಿದೆ."

"ಅದಕ್ಕೆ?"

"'ಮೀಚ್ ಆಯಿ' ಅಂದಳು. ನಾನೇ ತಾಯಿ ಅಂತ."

ಸುಮೇಧಾ ಪುಸ್ತಕ ಮುಚ್ಚಿದಳು. ಮತ್ತೆ ತೆರೆದು ಆ ಪುಟಕ್ಕೆ ಚೀಟಿಯಿಟ್ಟು ಮುಚ್ಚಿದಳು. ಜೆಟ್ಟಿಯ ಕಲ್ಲಿಗೆ ನೀರು ಬಡಿಯುತ್ತಿತ್ತು. ಬಾಗಿ ಇಬ್ಬರ ಮುಖವನ್ನೂ ನೋಡಿ, "ಯಾಕೆ, ಅವಳು ತಾಯಿಯಲ್ಲವೇ?" ಎಂದು ಕೇಳಿದಳು.

ಎರಡೂವರೆಗೆ ಹಿರಾಜಿಯ ಸಣ್ಣ ದೋಣಿ ಹೆಣ ಸಿಕ್ಕ ಜಾಗದಿಂದ ಕಾಂಡ್ಲಾ ಗಿಡಗಳ ಸಂದಿಗೆ ನುಗ್ಗಿತು. ಇಳಿತದಲ್ಲಿ ಹೋದದ್ದು ಎಲ್ಲಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಮೊರದ ಜೋಡಿಯೊಂದನ್ನು ಎತ್ತಿ ತಂದ. ಪಂಚರ ಎದುರು ಬಿಚ್ಚಿ ಬರೆದರು: ಬಿದಿರಿನ ಮೊರ ಎರಡು, ಬಿಳಿ ದಾರ, ನೆನೆದ ಅಕ್ಕಿ ಮತ್ತು ಬೇಳೆ, ತೆಂಗಿನಕಾಯಿ ಒಂದು. ಬೆಲ್ಲ ಕರಗಿದೆ. ಅರಿಶಿನ, ಕುಂಕುಮ, ಬಳೆ ಇಲ್ಲ.

*

ಕೊಲೆಯ ಕಲಮಿನಡಿ ಎಫ್‌ಐಆರ್ ದಾಖಲಾದಾಗ ಮಂಗಳವಾರ ಸಂಜೆ ನಾಲ್ಕು ಗಂಟೆ. ಸೂರ್ಯ ಮುಳುಗಿದ ಮೇಲೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಹೆಂಗಸನ್ನು ಬಂಧಿಸುವಂತಿಲ್ಲ. ನಾಲ್ಕು ಮೂವತ್ತೈದಕ್ಕೆ ಇಬ್ಬರೂ ವಸಂತನ ಮನೆಯ ಬಾಗಿಲಲ್ಲಿದ್ದರು.

ಮುಕ್ತಾ ನೆಲದ ಮೇಲೆ ಕೂತು ಅಪೇಕ್ಷಾಳ ತಲೆ ಬಾಚುತ್ತಿದ್ದಳು. ಒಂದು ಜಡೆ ಹೆಣೆದಾಗಿತ್ತು. ಇನ್ನರ್ಧ ಕೂದಲು ಬೆನ್ನ ಮೇಲೆ ಹರಡಿತ್ತು. ಕಿಟಕಿಯ ಬಳಿ ಕೂತಿದ್ದ ವಸಂತ್ ಎದ್ದು ನಿಂತ.

ಸೈದಪ್ಪ ಮಗುವಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದ: "ಬಾಯಾರ, ಎರಡನೇ ಮೊರ ಸಿಕ್ಕೈತ್ರಿ. ಜಾಕೆಟ್ ಪುಸ್ತಕಾನೂ ನೋಡೀವಿ."

ಮುಕ್ತಾಳ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಅವಳು ಅವನನ್ನು ನೋಡಲಿಲ್ಲ, ಮಗುವಿನ ಬೈತಲೆ ನೋಡಿದಳು.

"ಇನ್ನೊಂದು ಜಡೆ ಉಂಟು," ಎಂದಳು. "ಮುಗಿಸಿ ಬರುದಾ?"

ಸುಮೇಧಾಳಿಗೆ ಕನ್ನಡ ಬಾರದು. ಆದರೂ ಅರ್ಥವಾಗಿ ತಲೆಯಾಡಿಸಿದಳು. ಮುಕ್ತಾ ಮೂರು ಎಳೆ ಮಾಡಿ, ಬಿಗಿಯಾಗಿ ಹೆಣೆದು, ರಿಬ್ಬನ್ ಸುತ್ತಿ ಗಂಟು ಹಾಕಿದಳು. ಗಂಟಿನ ಎರಡು ಕಿವಿ ಸಮವಾಗಿವೆಯೇ ಎಂದು ಎಳೆದು ನೋಡಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು. ವಸಂತ್ ಮಾತ್ರ, "ಅಕ್ಕಾ? ಎಂತ ಅಕ್ಕಾ ಇದು?" ಎನ್ನುತ್ತ ಮೆಟ್ಟಿಲವರೆಗೂ ಬಂದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಸ್ಟೇಷನ್ನಿಗೆ ಬಂದ ಮೇಲೆ, ಪೊಲೀಸರ ಎದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಸೈದಪ್ಪ ಅವಳಿಗೆ ಕನ್ನಡದಲ್ಲಿ ಹೇಳಿದ. ನೀವು ಸುಮ್ಮನಿರಬಹುದು ಎಂದೂ ಹೇಳಿದ. ಅವಳು ಸುಮ್ಮನಿರಲಿಲ್ಲ.

"ಅವಳೇ ಕರೆದದ್ದು. ಅಕ್ಕ, ಎಲ್ಲರೂ ಮೇಲೆ ಇದ್ದಾರೆ, ಯಾರೂ ನೋಡುದಿಲ್ಲ, ನೀವೂ ಒಂದು ಬಿಡಿ ಅಂತ. ನನಗೆ ಕಣ್ಣು ತುಂಬಿ ಬಂತು. ಹದಿನೈದು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ಅಪ್ಪಿಯನ್ನು ಸೀಟಲ್ಲಿ ಮಲಗಿಸಿ ಹೋದೆ. ಅವಳೇ ಜಾಕೆಟ್ ತೆಗೆದು ನನ್ನ ಕೈಗೆ ಕೊಟ್ಟು ಮೊರಕ್ಕೆ ಸೆರಗು ಹಾಕಿದ್ಲು. ಇಬ್ಬರೂ ಮುಟ್ಟಿದೆವು."

"ಆಮ್ಯಾಲೆ?"

"ಅವಳು ಬಾಗಿದ್ಲು. ಬಾಗಿಕೊಂಡೇ ಹೇಳಿದ್ಲು. ಅಕ್ಕ, ಇಷ್ಟು ವರ್ಷ ನಮಗೋಸ್ಕರ ಮಾಡಿದ್ದು ಸಾಕು, ಇನ್ನು ನೀವು ಆರಾಮ ಇರಿ. ಖಾರಘರದ ಮನೆ ಆಯ್ತು, ಅಪ್ಪಿಗೆ ಅಲ್ಲೇ ಶಾಲೆಯೂ ಆಯ್ತು, ಹಬ್ಬ ಮುಗಿಸಿ ಹೋಗ್ತೇವೆ. ಅಲ್ಲಿ ನನ್ನ ಅಮ್ಮ ಇರ್ತಾರೆ, ನೀವು ಕಲ್ಯಾಣದಲ್ಲಿ ತಮ್ಮನ ಹತ್ರ ಇರಿ ಅಂತ." ಮುಕ್ತಾ ಅಂಗೈಯನ್ನು ತೊಡೆಯ ಮೇಲಿಟ್ಟು ಅದನ್ನೇ ನೋಡಿದಳು. "ಒಳ್ಳೆ ಮನಸ್ಸಲ್ಲೇ ಹೇ‍ಳಿದ್ದು ಅವಳು. ಬೀಳಬಾರದು ಅಂತ ನಾನು ಬೆನ್ನ ಮೇಲೆ ಕೈ ಇಟ್ಟದ್ದು ಹೌದು. ಆ ಕೈ ಯಾವಾಗ ದೂಡಿತು, ನನಗೆ ಗೊತ್ತಾಗಲಿಲ್ಲ."

"ಕೂಗಲಿಲ್ಲೇನು?"

"ಅಕ್ಕಾ ಅಂದ್ಲು. ಒಮ್ಮೆ."

ಹೊರಗೆ ಲಕ್ಷ್ಮೀಪೂಜೆಯ ಪಟಾಕಿ ಸರ ಹಚ್ಚಿದ್ದರು. ಅದು ಮುಗಿಯುವವರೆಗೂ ಸೈದಪ್ಪ ಬರೆಯುವುದನ್ನು ನಿಲ್ಲಿಸಿದ್ದ. ಹೇಳಿಕೆ ಮುಗಿಸುವ ಮೊದಲು ಅವಳು ಒಂದನ್ನು ಕೇಳಿದಳು: ನಾಳೆ ಬೆಳಿಗ್ಗೆ ಅಪ್ಪಿಗೆ ಹಾಲು ಯಾರು ಬಿಸಿ ಮಾಡುತ್ತಾರೆ, ಕೆನೆ ಬಿದ್ದರೆ ಅವಳು ಕುಡಿಯುವುದಿಲ್ಲ.

*

ಬುಧವಾರ ಬೆಳಿಗ್ಗೆ ಸೈದಪ್ಪ ಮೊದಲು ತನ್ನ ಡೈರಿಯ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಕೇಳದೆ ಬರೆದದ್ದು' ಎಂದು ಬರೆದು ಸಹಿ ಮಾಡಿದ. ಆಮೇಲೆ ಮಾತು ಕೊಟ್ಟಿದ್ದಕ್ಕಾಗಿ ಪುಟ್ಟಮ್ಮನ ಬಳಿ ಹೋದ.

ಅವಳು ಮೇಲಿನ ಮನೆಗೆ ಮರಳಿದ್ದಳು. ಪಕ್ಕದಲ್ಲಿ ಅಪೇಕ್ಷಾ ಗೋಡೆಯ ಕಡೆ ಮುಖ ಮಾಡಿ ಚಿತ್ರ ಬರೆಯುತ್ತಿತ್ತು.

"ತಾನಾಗಿ ಹೋಗಿಲ್ಲವ್ವಾ," ಎಂದ ಸೈದಪ್ಪ. "ಆಕಿ ಒಂದು ಛಲೋ ಕೆಲಸ ಮಾಡಾಕ ಬಾಗಿದ್ಲು. ಬಾಗಿದಾಗ ಆಗಿದ್ದು."

ಪುಟ್ಟಮ್ಮ ಅಳಲಿಲ್ಲ. ಎದೆಯ ಮೇಲೆ ಕೈಯಿಟ್ಟು ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಮೂರು ದಿನದಿಂದ ಹಿಡಿದಿಟ್ಟ ಉಸಿರಿನ ಹಾಗಿತ್ತು ಅದು.

"ಅಷ್ಟು ಗೊತ್ತಾಯ್ತಲ್ಲ, ಸಾಕು ಕಣಪ್ಪ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಮೊರ ಕಟ್ಟಿದ್ದು ಈ ಕೈಯೇ," ಎಂದಳು.

ಸೈದಪ್ಪ ಮಗುವಿನ ಕಡೆ ನೋಡಿದ. ಎರಡು ಜಡೆ, ರಿಬ್ಬನ್ನಿನ ಗಂಟುಗಳ ಕಿವಿ ಸಮವಾಗಿದ್ದವು. ಆದರೆ ಹೆಣಿಗೆಯ ಸಂದಿಯಲ್ಲಿ ಕೂದಲು ಕೆದರಿ ಹೊರಬಂದಿತ್ತು, ದಿಂಬಿನ ಹತ್ತಿ ಅಂಟಿತ್ತು.

"ನಿನ್ನೆಯಿಂದ ಹಂಗೇ ಅದೆ," ಎಂದಳು ಪುಟ್ಟಮ್ಮ. "ಬಿಚ್ಚಿ ಬಾಚ್ತೀನಿ ಬಾ ಅಂದ್ರೆ ತಲೆ ಮುಟ್ಟಕ್ಕೆ ಬುಡ್ತಿಲ್ಲ. ಮಾಯಿ ಬಂದು ಬಿಚ್ಚಲಿ ಅಂತದೆ."